ಸವೆದ ದಿಬ್ಬದಲ್ಲಿ ಹುಟ್ಟಿದ ಚೆಂಡು

ಒಗಿನೊ ಶುಹೇಯಿ ಹನ್ನೊಂದು ವರ್ಷ ಮಾಡಿದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು. ಪಂದ್ಯ ಬಿಗಿಯಾದ ಹೊತ್ತಿನಲ್ಲಿ ಎದುರು ತಂಡದ ಎಡಗೈ ಬ್ಯಾಟರ್ ಬಂದು ನಿಂತರೆ, ಅವನೊಬ್ಬನನ್ನು ಔಟ್ ಮಾಡಿ ವಾಪಸ್ಸು ಹೋಗಿ ಕುಳಿತುಕೊಳ್ಳುವುದು. ಒಗಿನೊನಂಥ ಎಡಗೈ ಪಿಚರ್, ಅಂದರೆ ಚೆಂಡೆಸೆಯುವವನು, ತಿರುಗಿಸಿ ಎಸೆದ ಚೆಂಡು ಎಡಗೈ ಬ್ಯಾಟರ್‌ನಿಂದ ದೂರ ದೂರ ಸರಿಯುತ್ತದೆ. ಅದಕ್ಕಾಗಿಯೇ ಬೇಸ್‌ಬಾಲ್ ತಂಡಗಳು ಇಂಥವನೊಬ್ಬನನ್ನು ಕಾದಿಟ್ಟುಕೊಂಡಿರುತ್ತವೆ. ಒಗಿನೊ ಎಷ್ಟೋ ಪಂದ್ಯಗಳಲ್ಲಿ ಮೂರು ನಾಲ್ಕು ಚೆಂಡು ಮಾತ್ರ ಎಸೆದಿದ್ದ. ಅದಕ್ಕಿಂತ ಹೆಚ್ಚು ಪಂದ್ಯಗಳಲ್ಲಿ ಮೈ ಬಿಸಿ ಮಾಡಿಕೊಂಡು, ಕರೆ ಬಾರದೆ, ಬೆವರು ಒರೆಸಿಕೊಂಡು ಬಸ್ಸು ಹತ್ತಿದ್ದ. ಅದರ ಬಗ್ಗೆ ಅವನು ಗೊಣಗಿದ್ದನ್ನು ಯಾರೂ ಕೇಳಿದವರಿಲ್ಲ.

ತಂಡ ತೊಯಾಮಾ ಕೊಲ್ಲಿಯ ದಂಡೆಯ ಮೇಲಿದ್ದ ಹೊಕುರೆ ಬೇರಿಂಗ್ ಕಾರ್ಖಾನೆಯದು. ಆಟಗಾರರೆಲ್ಲ ಕಾರ್ಖಾನೆಯ ಕೆಲಸಗಾರರೇ. ಮಧ್ಯಾಹ್ನದ ಊಟದವರೆಗೆ ಪಾಳಿ, ಆಮೇಲೆ ಮೈದಾನ. ಒಗಿನೊನದು ತಪಾಸಣೆಯ ಮೇಜು. ಉಕ್ಕಿನ ಉರುಳೆಗಳನ್ನು ಬೆಳಕಿಗೆ ಹಿಡಿದು ಗೀರು ಹುಡುಕುವ ಕೆಲಸ. ಪಂದ್ಯದ ಮರುದಿನ ಆ ಮೇಜಿನ ಹಿರಿಯ ಯಸುಯಿ ತಪ್ಪದೆ ಕೇಳುತ್ತಿದ್ದ.

"ನಿನ್ನೆ ಎಷ್ಟು ದುಡಿದೆಯಪ್ಪಾ?"

"ನಾಲ್ಕು ಚೆಂಡು."

"ಅಯ್ಯೋ, ಸುಸ್ತಾಗಿರ್ಬೇಕು. ಕೂತ್ಕೋ."

ತಪಾಸಣೆಯ ಮೇಜಿಗೆ ಕುರ್ಚಿಯೇ ಇರಲಿಲ್ಲ. ಎಲ್ಲರೂ ನಿಂತೇ ಕೆಲಸ ಮಾಡುವವರು.

ಒಗಿನೊಗೆ ಮೂವತ್ತನಾಲ್ಕು ತುಂಬಿದ ವರ್ಷ, ಹೊಕುರೆ ತಂಡ ಪ್ರಾಂತದ ಪಂದ್ಯಗಳನ್ನು ಗೆದ್ದು ಟೋಕಿಯೊದ ದೊಡ್ಡ ಟೂರ್ನಿಗೆ ಅರ್ಹತೆ ಪಡೆಯಿತು. ಅವನ ಕಾಲದಲ್ಲಿ ಅದೇ ಮೊದಲು. ಆ ಟೂರ್ನಿಗೆ ಒಂದು ಹಳೆಯ ಪದ್ಧತಿಯಿದೆ. ಗೆದ್ದ ತಂಡ ತನ್ನ ಪ್ರಾಂತದಲ್ಲಿ ತಾನೇ ಸೋಲಿಸಿದ ತಂಡಗಳಿಂದ ಒಬ್ಬಿಬ್ಬರನ್ನು ಎರವಲು ತಂದುಕೊಳ್ಳಬಹುದು. ನಿನ್ನೆ ಎದುರಾಳಿಯಾಗಿದ್ದವನು ಇಂದು ನಮ್ಮ ಅಂಗಿ ತೊಟ್ಟು ನಮ್ಮ ಊರಿಗಾಗಿ ಆಡುತ್ತಾನೆ. ತೆರಾದ ಎಂಬ ತರಬೇತುದಾರ, ಪೇಪರ್ ಗಿರಣಿಯ ತಂಡದಿಂದ ಶಿಮೊಜೊ ಎಂಬ ಇಪ್ಪತ್ತಮೂರರ ಹುಡುಗನನ್ನು ಕರೆತಂದ. ಅವನೂ ಎಡಗೈ ಪಿಚರ್. ಎತ್ತರದ ಆಳು, ಚೆಂಡಿನ ವೇಗ ಒಗಿನೊನದಕ್ಕಿಂತ ಎಷ್ಟೋ ಹೆಚ್ಚು.

ತೆರಾದ ಮುಚ್ಚುಮರೆ ಮಾಡುವವನಲ್ಲ. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ. ಪಟ್ಟಿಯಲ್ಲಿ ಎಡಗೈಯವನಿಗೆ ಇರುವುದು ಒಂದೇ ಜಾಗ. ಎರಡು ವಾರ ಕಳೆದು ಭಾನುವಾರ ಒಂದು ಕಾಲೇಜು ತಂಡದ ಜೊತೆ ಅಭ್ಯಾಸ ಪಂದ್ಯವಿದೆ. ಅಲ್ಲಿ ಇಬ್ಬರೂ ಒಬ್ಬ ಎಡಗೈ ಬ್ಯಾಟರ್‌ಗೆ, ಒಬ್ಬ ಬಲಗೈ ಬ್ಯಾಟರ್‌ಗೆ ಎಸೆಯಬೇಕು. ಸಂಜೆ ಹೆಸರು ಹೇಳುತ್ತೇನೆ.

ಅಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತೊಂದಿತ್ತು. ಹೊಕುರೆಯಲ್ಲಿ ಆಟಗಾರನ ವಯಸ್ಸಾದರೆ ಶರತ್ಕಾಲದಲ್ಲಿ ತೆರಾದ ಬಂದು ಅವನ ಭುಜ ತಟ್ಟುತ್ತಾನೆ. ನಾಳೆಯಿಂದ ನಿನಗೆ ಪೂರ್ತಿ ಪಾಳಿ ಎಂದು ಅದರ ಅರ್ಥ. ಈ ಶರತ್ಕಾಲದಲ್ಲಿ ಆ ಕೈ ಯಾರ ಭುಜಕ್ಕೆ ಬರುತ್ತದೆ ಎಂಬುದು ಒಗಿನೊಗೂ ಗೊತ್ತಿತ್ತು. ಟೋಕಿಯೊದಲ್ಲಿ, ಪಿಚರ್ ನಿಂತು ಎಸೆಯುವ ಮಣ್ಣಿನ ದಿಬ್ಬದ ಮೇಲೆ ನಿಲ್ಲುವುದಾದರೆ ಈ ಸಲವೇ.

ಬಂದ ಅತಿಥಿಯನ್ನು ನೋಡಿಕೊಳ್ಳುವ ಹೊಣೆ, ಇಬ್ಬರೂ ಎಡಗೈಯವರೆಂದು, ಒಗಿನೊನ ಮೇಲೆಯೇ ಬಿತ್ತು. ಅವನು ಅದನ್ನು ಉರುಳೆ ತಪಾಸಣೆ ಮಾಡಿದಷ್ಟೇ ಶ್ರದ್ಧೆಯಿಂದ ಮಾಡಿದ. ಬಿಸಿನೀರಿನ ತೊಟ್ಟಿಗೆ ಮೊದಲು ಶಿಮೊಜೊ ಇಳಿಯಬೇಕು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಅವನಿಗೆ. ಒಂದು ಸಂಜೆ ಮನೆಗೂ ಊಟಕ್ಕೆ ಕರೆದ. ಹೆಂಡತಿ ಫುಮಿಯೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ, "ನಿಮ್ಮ ಜಾಗಕ್ಕೆ ಬಂದೋನಿಗೆ ನೀವೇ ಚಾಪೆ ಹಾಸ್ತಿದ್ದೀರಿ, ನೋಡೋಕೆ ಚೆನ್ನಾಗಿದೆ," ಎಂದಳು.

"ನಮ್ಮ ಮನೆಗೆ ಬಂದಿದ್ದಾನಲ್ಲೇ."

"ಅದಕ್ಕೇ ಮೀನಿನ ದೊಡ್ಡ ತುಂಡು ಅವನ ತಟ್ಟೆಗೇ ಹಾಕಿದ್ದೀನಿ. ನಿಮಗೆ ಬಾಲ."

ಮೈದಾನದ ಪಕ್ಕದಲ್ಲಿ ಪಿಚರ್‌ಗಳು ಮೈ ಬಿಸಿ ಮಾಡಿಕೊಳ್ಳುವ ಅಂಗಳವಿತ್ತು. ಅಲ್ಲಿ ಎರಡು ಮಣ್ಣಿನ ದಿಬ್ಬ. ಒಂದಕ್ಕೆ ವಸಂತದಲ್ಲಿ ಹೊಸ ಜೇಡಿ ಹಾಕಿ ಗಟ್ಟಿ ಮಾಡಿದ್ದರು. ಇನ್ನೊಂದು ಹಳೆಯದು. ಎಸೆಯುವಾಗ ಮುಂದಿನ ಕಾಲು ಊರುವ ಜಾಗ ಬಟ್ಟಲಿನಂತೆ ಸವೆದಿತ್ತು, ಮಳೆಗಾಲವಾದ್ದರಿಂದ ಅದರಲ್ಲಿ ಕೆಸರೂ ನಿಂತಿತ್ತು. ಒಗಿನೊ ಮೊದಲ ದಿನವೇ ಶಿಮೊಜೊನನ್ನು ಹೊಸ ದಿಬ್ಬಕ್ಕೆ ಕಳಿಸಿ ತಾನು ಹಳೆಯದರ ಮೇಲೆ ನಿಂತ. ಇಲ್ಲಿ ಹೀಗೇ ಇರಬೇಕು ಎಂದುಕೊಂಡು ಹುಡುಗ ಎಸೆಯತೊಡಗಿದ.

ಹಳೆಯ ದಿಬ್ಬದ ಮೇಲೆ ಪೂರ್ತಿ ಹೆಜ್ಜೆ ಹಾಕಿದರೆ ಕಾಲು ಜಾರುತ್ತಿತ್ತು. ಮೂರನೆಯ ದಿನ ಒಗಿನೊ ಹೆಜ್ಜೆಯನ್ನು ಒಂದು ಪಾದದಷ್ಟು ಗಿಡ್ಡ ಮಾಡಿ, ಬಟ್ಟಲಿನ ಈಚೆ ದಡದ ಮೇಲೆ ಕಾಲೂರಿದ. ಮೈ ಹೆಚ್ಚು ಬಾಗಲಿಲ್ಲ, ಕೈ ಎಂದಿಗಿಂತ ಎತ್ತರದಿಂದ ಇಳಿಯಿತು. ಚೆಂಡಿನ ವೇಗ ಕಡಿಮೆಯಾಯಿತು. ಆದರೆ ಇನ್ನೇನು ಬ್ಯಾಟರ್‌ನ ಹತ್ತಿರ ಬಂತು ಎನ್ನುವಾಗ ಅದು ಕಾಲು ತಪ್ಪಿದಂತೆ ಕುಸಿದು, ಬಲಗೈ ಬ್ಯಾಟರ್ ನಿಲ್ಲುವ ಜಾಗದಿಂದ ಆಚೆಗೆ ಸರಿಯಿತು. ಹಿಡಿಯುತ್ತಿದ್ದವನು ಹಮಾನೊ. ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತ, ಅಂಗಳದಲ್ಲಿ ಹದಿನೈದು ವರ್ಷದಿಂದ ಪಿಚರ್‌ಗಳ ಚೆಂಡು ಹಿಡಿಯುತ್ತ ಬಂದವನು. ಚೆಂಡು ಅವನ ಕೈಗವಸಿನ ಅಂಚಿಗೆ ತಗುಲಿ ಉರುಳಿ ಹೋಯಿತು.

"ಏನೋ ಇದು?"

"ಜಾರ್ಬಿಡ್ತು ಅಣ್ಣಾ."

"ಹಾಗಾದ್ರೆ ಇನ್ನೊಂದ್ಸಲ ಜಾರು."

ಒಗಿನೊ ಅಂದು ಅದೇ ದಡದ ಮೇಲೆ ಕಾಲಿಟ್ಟು ಮತ್ತೆ ಮತ್ತೆ ಎಸೆದ. ಹನ್ನೊಂದು ವರ್ಷ ಅವನ ಬಳಿ ಇಲ್ಲದಿದ್ದ ಚೆಂಡು ಅದು, ಬಲಗೈಯವರಿಗೆ ಎಸೆಯುವಂಥದ್ದು. ಎಡಗೈ ಪಿಚರ್ ದಿಬ್ಬ ಹತ್ತುವುದನ್ನು ಕಂಡ ಕೂಡಲೇ ಎದುರಿನವರು ತಮ್ಮ ಎಡಗೈ ಬ್ಯಾಟರ್‌ನನ್ನು ಹಿಂದಕ್ಕೆ ಕರೆಸಿಕೊಂಡು ಬಲಗೈಯವನನ್ನು ಕಳಿಸುತ್ತಾರೆ. ಕಣಕ್ಕಿಳಿದ ಪಿಚರ್ ಕನಿಷ್ಠ ಒಬ್ಬನಿಗಾದರೂ ಎಸೆಯಲೇಬೇಕು ಎಂಬುದು ನಿಯಮ. ಒಗಿನೊ ಹೊಡೆಸಿಕೊಂಡದ್ದೆಲ್ಲ ಆ ಬಲಗೈಯವರ ಕೈಯಲ್ಲೇ.

ವಾರ ಕಳೆದ ಮೇಲೆ ಒಂದು ದಿನ ಬಿಸಿನೀರಿನ ತೊಟ್ಟಿಯಲ್ಲಿ ಕುಳಿತಿದ್ದಾಗ ಶಿಮೊಜೊ ಕೇಳಿದ. "ಅಣ್ಣಾ, ಬಲಗೈಯವರಿಗೆ ಅಂತ ಎಸೀತೀರಲ್ಲ, ಆ ಚೆಂಡು. ನಂಗೂ ಹೇಳ್ಕೊಡ್ತೀರಾ?"

ಒಗಿನೊ ತಲೆಯ ಮೇಲೆ ಒಂದು ಚೊಂಬು ನೀರು ಸುರಿದುಕೊಂಡ. ಮರುದಿನ ಹುಡುಗನನ್ನು ಹಳೆಯ ದಿಬ್ಬಕ್ಕೆ ಕರೆದುಕೊಂಡು ಹೋಗಿ, ಬೆರಳನ್ನು ಹೊಲಿಗೆಯ ಮೇಲೆ ಎಲ್ಲಿಡಬೇಕು, ಕಾಲು ಎಲ್ಲಿ ನಿಲ್ಲಬೇಕು ಎಂಬುದನ್ನು ಒಂದನ್ನೂ ಬಿಡದೆ ತೋರಿಸಿದ. ಹಮಾನೊ ಚೆಂಡು ಕೊಡುವ ನೆಪದಲ್ಲಿ ಹತ್ತಿರ ಬಂದು, ನಿನಗೆ ತಲೆ ಕೆಟ್ಟಿದೆಯಾ, ಕೇಳಿದರೆ ಕಾಲು ಜಾರಿತು ಎಂದು ಹೇಳಿ ಸುಮ್ಮನಾಗಬೇಕಿತ್ತು ಎಂದು ಬೈದ. ಜಾರಿದ್ದೇ ನಿಜ, ಅದನ್ನೇ ಹೇಳಿಕೊಟ್ಟೆ ಎಂದ ಒಗಿನೊ.

ಶಿಮೊಜೊಗೆ ಅದು ಒಗ್ಗಲಿಲ್ಲ. ಉದ್ದ ಕಾಲಿನ ಹುಡುಗ. ಹೆಜ್ಜೆ ಗಿಡ್ಡ ಮಾಡಿದರೆ ಚೆಂಡು ನಿಧಾನವಾಗುತ್ತಿತ್ತೇ ಹೊರತು ಕುಸಿಯುತ್ತಿರಲಿಲ್ಲ. ಈ ವರ್ಷಕ್ಕೆ ಇದು ಬೇಡ, ಚಳಿಗಾಲ ಪೂರ್ತಿ ಅಭ್ಯಾಸ ಮಾಡು ಎಂದು ಒಗಿನೊ ಹೇಳಿದ. ಹುಡುಗ ಟೋಪಿ ತೆಗೆದು ಸೊಂಟದವರೆಗೆ ಬಾಗಿ ವಂದಿಸಿದ.

ಭಾನುವಾರ ಮಳೆ ನಿಂತು ಹೊಳವಾಗಿತ್ತು. ಮೊದಲು ಶಿಮೊಜೊ. ಎಡಗೈ ಬ್ಯಾಟರ್ ಮೂರು ಚೆಂಡಿಗೆ ಮೂರು ಸಲ ಗಾಳಿಗೆ ಬ್ಯಾಟು ಬೀಸಿ ತಪ್ಪಿ, ಮೂರಕ್ಕೆ ಔಟಾಗಿ ಹೋದ. ಆಮೇಲೆ ಬಲಗೈಯವನು. ಎರಡು ವೇಗದ ಚೆಂಡುಗಳನ್ನು ಅವನಿಗೆ ಮುಟ್ಟಲೂ ಆಗಲಿಲ್ಲ. ಬ್ಯಾಟರ್‌ನ ಹಿಂದೆ ಕುಳಿತಿದ್ದ ಕ್ಯಾಚರ್ ಮೂರನೆಯದಕ್ಕೂ ವೇಗದ್ದನ್ನೇ ಬೆರಳಸನ್ನೆಯಲ್ಲಿ ಕೇಳಿದ. ಶಿಮೊಜೊ ತಲೆಯಾಡಿಸಿ ಬೇಡ ಎಂದ. ಅಂಗಳದಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದ ಒಗಿನೊನ ಕಡೆ ತಿರುಗಿ, ಟೋಪಿಯ ಅಂಚನ್ನು ಮುಟ್ಟಿದ.

ಚೆಂಡು ಅವನ ಕೈ ಬಿಡುವ ಮೊದಲೇ ಒಗಿನೊಗೆ ಅರ್ಥವಾಯಿತು. ಒಗಿನೊನ ಮನೆಯಲ್ಲಿ ಚಿಕ್ಕಮ್ಮ ಕೊಟ್ಟ ಒಂದು ಗಡಿಯಾರವಿತ್ತು, ನೋಡಲಾಗದಷ್ಟು ವಿಕಾರವಾದದ್ದು. ಚಿಕ್ಕಮ್ಮ ಬರುತ್ತಾಳೆಂದರೆ ಫುಮಿಯೆ ಅದನ್ನು ಪೆಟ್ಟಿಗೆಯಿಂದ ತೆಗೆದು ನಡುಮನೆಯಲ್ಲಿ ತೂಗುಹಾಕುತ್ತಿದ್ದಳು. ಕೊಟ್ಟವರ ಕಣ್ಣೆದುರು ಕೊಟ್ಟದ್ದನ್ನು ಬಳಸಬೇಕು. ಶಿಮೊಜೊನ ಹೆಜ್ಜೆ ಗಿಡ್ಡವಾಯಿತು. ಚೆಂಡು ನಿಧಾನವಾಗಿ, ನೇರವಾಗಿ, ಸೊಂಟದ ಎತ್ತರದಲ್ಲಿ ಬಂತು. ಬ್ಯಾಟಿನ ಸದ್ದು ಕೇಳಿದ ಮೇಲೆ ಯಾರೂ ಚೆಂಡನ್ನು ಹುಡುಕಬೇಕಾಗಲಿಲ್ಲ. ಅದು ದೂರದ ಬೇಲಿಗೆ ಬಡಿದು ಬಿದ್ದಿತು.

ತೆರಾದ ಮುಖದಲ್ಲಿ ಏನನ್ನೂ ತೋರಿಸದೆ ಒಗಿನೊಗೆ ಕೈಸನ್ನೆ ಮಾಡಿದ. ಒಗಿನೊ ದಿಬ್ಬಕ್ಕೆ ಹೋಗದೆ ತೆರಾದ ನಿಂತಿದ್ದ ಕಡೆಗೆ ನಡೆದ.

"ಸಾರ್, ಆ ಹುಡುಗನಿಗೆ ಇನ್ನೊಬ್ಬ ಬಲಗೈಯವನನ್ನ ಕೊಡಿ."

"ಯಾಕೆ?"

"ಅದು ಅವನ ಚೆಂಡಲ್ಲ. ನಾನು ಹೇಳ್ಕೊಟ್ಟಿದ್ದು. ನನಗೆ ಮರ್ಯಾದೆ ಅಂತ ಎಸೆದಿದ್ದಾನೆ."

"ಎಸಿ ಅಂತ ನೀನು ಹೇಳಿದ್ಯಾ?"

"ಇಲ್ಲ. ಈ ವರ್ಷ ಬೇಡ ಅಂದಿದ್ದೆ."

"ಹಾಗಾದ್ರೆ ತಪ್ಪು ಅವನದೇ."

"ಹೌದು ಸಾರ್. ಆದ್ರೆ ನೀವು ಅಳೀಬೇಕಾಗಿದ್ದು ಅವನ ಕೈಯನ್ನ. ಈಗ ಅಳೆದಿದ್ದು ನನ್ನ ಚೆಂಡನ್ನ."

ತೆರಾದ ಕಾಲೇಜಿನವರಿಗೆ ಇನ್ನೊಬ್ಬನನ್ನು ಕಳಿಸಿ ಎಂದು ಕೈಸನ್ನೆ ಮಾಡಿದ. "ಆಮೇಲೆ ನಿನ್ನ ಹೆಸರು ಬರದೇ ಹೋದ್ರೆ ನನ್ನ ಮುಂದೆ ಮುಖ ಊದಿಸ್ಕೊಂಡು ನಿಲ್ಬಾರ್ದು."

"ಊದಿಸ್ಕೋತೀನಿ ಸಾರ್. ಮನೇಲಿ."

ಕಾಲೇಜಿನವರು ಇನ್ನೊಬ್ಬ ಬಲಗೈ ಬ್ಯಾಟರ್‌ನನ್ನು ಕಳಿಸಿದರು. ದಿಬ್ಬ ಇಳಿದು ಹೊರಟಿದ್ದ ಶಿಮೊಜೊನನ್ನು ಕ್ಯಾಚರ್ ವಾಪಸ್ಸು ಕರೆದ. ನಿನ್ನದನ್ನೇ ಎಸೆಯಬೇಕಂತೆ, ಒಗಿನೊ ಅಣ್ಣ ಹೇಳಿದ್ದಾನೆ ಎಂದ. ಹುಡುಗ ಕಿವಿಯವರೆಗೆ ಕೆಂಪಾದ. ಆಮೇಲೆ ಎಸೆದ ನಾಲ್ಕು ಚೆಂಡುಗಳಲ್ಲಿ ಬ್ಯಾಟರ್‌ಗೆ ಒಂದೂ ಸಿಗಲಿಲ್ಲ. ಅಂಗಳದ ಅಂಚಿನಲ್ಲಿ ಹಮಾನೊ ಕೈಗವಸಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಒಗಿನೊ ಎಸೆಯಲು ನಿಂತಾಗ ಅವನಿಗೆ ಎಂದಿನದನ್ನು ಬಿಟ್ಟು ಬೇರೇನೂ ಮಾಡುವುದಿರಲಿಲ್ಲ. ಎಡಗೈಯವನು ಎರಡನೆಯ ಚೆಂಡನ್ನು ತಲೆಯ ಮೇಲೆಯೇ ಎತ್ತಿ ಹೊಡೆದು, ಕ್ಯಾಚ್ ಕೊಟ್ಟು ಔಟಾದ. ಬಲಗೈಯವನಿಗೆ ಗಿಡ್ಡ ಹೆಜ್ಜೆಯ ಚೆಂಡು. ಅದು ಕುಸಿದು, ಬ್ಯಾಟಿನ ತುದಿಗೆ ತಗುಲಿ, ನೆಲದ ಮೇಲೆ ಉರುಳಿ ನೇರ ಫೀಲ್ಡರ್‌ನ ಕೈ ಸೇರಿತು. ಬ್ಯಾಟರ್ ಮೊದಲ ಬೇಸು ಮುಟ್ಟುವ ಮೊದಲೇ ಔಟಾದ.

ಸಂಜೆ ತೆರಾದ ಹೇಳಿದ ಹೆಸರು ಒಗಿನೊನದು. ಕಾರಣವನ್ನೂ ಹೇಳಿದ. ಶಿಮೊಜೊನ ಕೈ ಒಗಿನೊನ ಕೈಗಿಂತ ಬಲವಾದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಟೋಕಿಯೊದಲ್ಲಿ ಎದುರು ನಿಲ್ಲುವವನು ಬಲಗೈಯವನೇ, ಮತ್ತು ಅಲ್ಲಿ ಎರಡನೆಯ ಸಲ ಎಸಿ ಎನ್ನುವವರು ಯಾರೂ ಇರುವುದಿಲ್ಲ. ತನಗೆ ಬೇಕಾದದ್ದು ಯಾವ ಚೆಂಡನ್ನು ಯಾವಾಗ ಎಸೆಯಬಾರದು ಎಂದು ತಿಳಿದವನು. ಅಷ್ಟು ಹೇಳಿ, ಕರೆಸಿ ಕಷ್ಟಕೊಟ್ಟೆ ಎಂದು ಹುಡುಗನಿಗೆ ತಲೆಬಾಗಿದ.

ಸ್ಟೇಷನ್ನಿಗೆ ಬಿಡಲು ಹೋದವನೂ ಒಗಿನೊನೇ. ಫುಮಿಯೆ ಕಟ್ಟಿಕೊಟ್ಟಿದ್ದ ಅನ್ನದ ಉಂಡೆಗಳ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಶಿಮೊಜೊ ರೈಲಿನ ಬಾಗಿಲ ಬಳಿ ತಿರುಗಿ ನಿಂತ.

"ನೀವು ಕೇಳದೇ ಇದ್ದಿದ್ರೆ ಅಣ್ಣಾ, ಈ ಊರು ಅಂದ್ರೆ ನಂಗೆ ಆ ಒಂದು ಚೆಂಡೇ ನೆನಪಿರ್ತಿತ್ತು."

"ಚಳಿಗಾಲದಲ್ಲಿ ಎಸಿ. ಕಲಿತ ಮೇಲೆ ಬಂದು ನಮ್ಮವರನ್ನೇ ಔಟ್ ಮಾಡು."

ಟೋಕಿಯೊದ ಪಂದ್ಯದಲ್ಲಿ ಏಳನೆಯ ಸರದಿ. ಹೊಕುರೆ ಒಂದೇ ಓಟ ಮುಂದಿತ್ತು. ಎದುರಿನವರಲ್ಲಿ ಇಬ್ಬರು ಔಟಾಗಿದ್ದರು, ಇನ್ನಿಬ್ಬರು ಬೇಸುಗಳ ಮೇಲೆ ಓಡಲು ಸಿದ್ಧರಾಗಿ ನಿಂತಿದ್ದರು. ಎದುರಿಗೆ ಎಡಗೈ ಬ್ಯಾಟರ್. ಒಗಿನೊನ ಹೆಸರು ಕೂಗಿದರು. ಕೂಡಲೇ ಎದುರಿನವರು, ತೆರಾದ ಹೇಳಿದಂತೆಯೇ, ಬಲಗೈಯವನನ್ನು ಕಳಿಸಿದರು.

ಆ ದಿಬ್ಬ ಗಟ್ಟಿಯಾಗಿ, ನುಣ್ಣಗಿತ್ತು. ತಗ್ಗಿರಲಿಲ್ಲ, ಕೆಸರಿರಲಿಲ್ಲ. ಕಾಲನ್ನು ತಡೆದು ನಿಲ್ಲಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮೊದಲ ಚೆಂಡಿಗೆ ಒಗಿನೊನ ಕಾಲು ಹಳೆಯ ಅಭ್ಯಾಸದಂತೆ ಪೂರ್ತಿ ಚಾಚಿತು, ಚೆಂಡು ಕುಸಿಯದೆ ಅಗಲಕ್ಕೆ ಹೋಯಿತು. ಬ್ಯಾಟರ್ ಅದನ್ನು ಬಿಟ್ಟ. ಒಗಿನೊ ಮುಂದಕ್ಕೆ ನಡೆದು, ತನ್ನ ಹೆಜ್ಜೆಯ ಗುರುತಿನಿಂದ ಒಂದು ಪಾದ ಹಿಂದಕ್ಕೆ ಅಳೆದು, ಬೂಟಿನ ಮೊಳೆಯಿಂದ ಮಣ್ಣಿನಲ್ಲಿ ಅಡ್ಡಗೆರೆ ಎಳೆದ. ಎರಡನೆಯ ಚೆಂಡಿಗೆ ಕಾಲು ಆ ಗೆರೆಯ ಮೇಲೆ ನಿಂತಿತು. ಬ್ಯಾಟರ್ ಬೀಸಿ ತಪ್ಪಿದ. ಮೂರನೆಯದೂ ಅದೇ ಗೆರೆಯಿಂದ. ಚೆಂಡು ಬ್ಯಾಟಿನ ತುದಿಗೆ ತಗುಲಿ ಉರುಳಿತು, ಫೀಲ್ಡರ್ ಎತ್ತಿ ಮೊದಲ ಬೇಸಿಗೆ ಎಸೆದ. ಔಟ್. ಹೊಕುರೆಯ ನೀಲಿ ಟೋಪಿಗಳ ಸಾಲಿನಲ್ಲಿ ಎಲ್ಲರಿಗಿಂತ ಎತ್ತರದ ಆಳೊಬ್ಬ ಪೇಪರ್ ಗಿರಣಿಯ ಹಸಿರು ಟೋಪಿಯನ್ನು ತಲೆಯ ಮೇಲೆ ಬೀಸುತ್ತಿದ್ದುದು ಕಂಡಿತು. ಅರ್ಧ ದಿನದ ರಜೆ ಹಾಕಿ ಬಂದಿದ್ದನಂತೆ.

ಆ ಪಂದ್ಯ ಹೊಕುರೆಯದಾಯಿತು, ಮುಂದಿನದನ್ನು ಸೋತರು. ಅದರಲ್ಲಿ ಒಗಿನೊ ಮೈ ಬಿಸಿ ಮಾಡಿಕೊಂಡ, ಕರೆ ಬರಲಿಲ್ಲ. ಸೋಮವಾರ ಎಂದಿನ ಹೊತ್ತಿಗೆ ತಪಾಸಣೆಯ ಮೇಜಿಗೆ ಬಂದ.

"ಎಷ್ಟು ದುಡಿದೆಯಪ್ಪಾ?" ಎಂದ ಯಸುಯಿ.

"ಮೂರು ಚೆಂಡು."

"ಸುಸ್ತಾಗಿರ್ಬೇಕು. ಕೂತ್ಕೋ."

ಮೇಜಿನ ಪಕ್ಕದಲ್ಲಿ ಕುರ್ಚಿಯೊಂದಿತ್ತು. ಅದನ್ನು ಕಚೇರಿಯಿಂದ ಹೊತ್ತು ತಂದವರು ಯಾರೆಂದು ಒಗಿನೊ ಕೇಳಲಿಲ್ಲ. ಕೊಟ್ಟವರ ಕಣ್ಣೆದುರು ಒಂದು ಗಳಿಗೆ ಅದರ ಮೇಲೆ ಕುಳಿತ. ಆಮೇಲೆ ಎದ್ದು, ಉರುಳೆಯೊಂದನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ.