ಕಾಬೂಲಿನ ಬಾಗಿಲ ಬಗ್ಗೆ ಧಾರವಾಡದಲ್ಲಿ ಮಾತಾಡಿ ಬಂದೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಮನೆಯಿಂದ ಆಟೊದಲ್ಲಿ ಹೊಸೂರಿಗೆ ಬಂದು ಧಾರವಾಡಕ್ಕೆ ಓಡುವ ಬೆಳಗಿನ ಚಿಗರಿ ಬಸ್ಸು ಹತ್ತಿದೆ. ಧಾರವಾಡದ ಕಾಲೇಜೊಂದರಲ್ಲಿ ನನ್ನ ಉಪನ್ಯಾಸವಿತ್ತು. ವಿಷಯ, ಕಾಬೂಲಿನಲ್ಲಿ ಭಾರತದ ರಾಯಭಾರ ಕಚೇರಿಯ ಇತಿಹಾಸ. ಇತಿಹಾಸ ಕಲಿಸಿ ನಿವೃತ್ತನಾದ ನಾನು ಕಾಬೂಲನ್ನು ಕಂಡವನಲ್ಲ, ಓದಿ ತಿಳಿದವನು.

ಉಣಕಲ್ಲಿನಲ್ಲಿ ಹತ್ತಿದ ಯುವಕನೊಬ್ಬ ಪಕ್ಕದಲ್ಲಿ ಕೂತ. ಹೆಸರು ನವೀದ್. ಕೃಷಿಯಲ್ಲಿ ಸಂಶೋಧನೆ ಮಾಡುತ್ತಿರುವ ಅಫ್ಘನ್ ವಿದ್ಯಾರ್ಥಿ. ಪ್ರಯೋಗದ ಹೊಲದಲ್ಲಿ ಕೆಲಸ ಮಾಡುವವರಿಂದ ಕಲಿತ ಕನ್ನಡ ಆತನದು. ನನಗೆ ಹಿಗ್ಗೋ ಹಿಗ್ಗು.

"ನನ್ನ ಉಪನ್ಯಾಸದಾಗ ನಿಮ್ಮ ಊರಿನ ಮಾತೇ ಅದ, ಬರ್ರಿ," ಎಂದೆ.

"ಕೆಲಸಾ ಐತ್ರಿ ಸರ್," ಎಂದವನು ನನ್ನ ಮುಖ ನೋಡಿ ಜೊತೆಗೆ ಬಂದ.

ಆತನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಮಾತಾಡಿದೆ. ಆ ಕಚೇರಿ ಎರಡು ಸಲ ಮುಚ್ಚಿದ್ದು, ಎರಡು ಸಲ ತೆರೆದದ್ದು ಎಲ್ಲ ಹೇಳಿದೆ. ಈಚೆಗೆ ಅದು ಮತ್ತೆ ಪೂರ್ಣ ರಾಯಭಾರ ಕಚೇರಿಯಾಗಿದೆ, ನಡುವಿನ ನಾಲ್ಕು ವರ್ಷ ಇತಿಹಾಸಕ್ಕೆ ಒಂದು ಆಕಳಿಕೆಯಷ್ಟು ಎಂದಾಗ ಸಭೆ ನಕ್ಕಿತು. ಕೊನೆಗೆ ಸಂಘಟಕರು ನವೀದನಿಗೂ ಎರಡು ಮಾತಾಡಲು ಹೇಳಿದರು.

"ಸರ್ ಭಾಳ ಛಲೋ ಹೇಳ್ಯಾರ್ರಿ," ಎಂದಷ್ಟೇ ಹೇಳಿ ಕೂತುಬಿಟ್ಟ.

ಗಿರಮಿಟ್ ತಿಂದು ಇಬ್ಬರೂ ಹುಬ್ಬಳ್ಳಿ ಬಸ್ಸು ಹತ್ತಿದೆವು. ಬಿಸಿಲು ಚುರುಗುಡುತ್ತಿತ್ತು. ಇನ್ನಷ್ಟು ಹೊಗಳಿಕೆಯ ಆಸೆಯಿಂದ ಕೇಳಿದೆ: "ಅಷ್ಟರಾಗ ಯಾಕ ಮುಗಿಸಿದ್ರಿ?"

ನವಲೂರು ದಾಟಿದ ಮೇಲೆ ಆತ ಹೇಳಿದ: "ನನಗ ಹುಡುಗಿ ನಿಶ್ಚೆ ಆಗಿತ್ರಿ ಸರ್. ಆಕಿ ಇಲ್ಲಿ ಬರೂದಿತ್ತು. ವೀಸಾ ಕೇಳಾಕ ಕಾಬೂಲದಾಗ ಬಾಗಲಾನ ಇರಲಿಲ್ಲ. ನಾ ಹೋದ್ರ ತಿರಗಿ ಬರಾಕ ಆಗ್ತಿರಲಿಲ್ಲ. ಆಕಿ ಭಾಳ ಕಾದ್ಲು. ಆಮ್ಯಾಲ ಅವರಪ್ಪ ಬ್ಯಾರೆ ಕಡೆ ಕೊಟ್ಟ."

ನನ್ನ ಕಿವಿ ಬಿಸಿಯಾದವು. "ಸಭಾದಾಗ ಹೇಳಬೇಕಿತ್ತಲ್ರಿ," ಎಂದೆ. ತಪ್ಪನ್ನು ಆತನ ಮೇಲೆಯೇ ಹಾಕಿದೆನೆಂದು ಅಂದ ಮೇಲೆ ಹೊಳೆಯಿತು.

"ಕರಕೊಂಡು ಹೋದಾವ್ರು ನೀವು. ಮಂದ್ಯಾಗ ನಿಮ್ಮ ಮರ್ಯಾದಿ ಹೆಂಗ ಕಳೀಲ್ರಿ?" ಎಂದ. "ಈಗ ತೆರದಾರ ಅಂದ್ರಿ. ಈಗ ಯಾರನ್ನ ಕರಸ್ಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಉಣಕಲ್ ಬಂತು. ಕ್ಷಮೆ ಕೇಳಬೇಕೆಂದುಕೊಂಡವನು ಎದ್ದು ಆತನಿಗೆ ದಾರಿಯಷ್ಟೇ ಬಿಟ್ಟೆ. "ಬರ್ತೇನ್ರಿ ಸರ್" ಎಂದು ಇಳಿದವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ನಾನು ತಲೆ ತಗ್ಗಿಸಿಕೊಂಡೆ. ಬಸ್ಸು ಹೊರಟ ಮೇಲೆ ತಿರುಗಿ ನೋಡಿದಾಗ ಆತ ಇನ್ನೂ ಹಾಗೆಯೇ ನಿಂತಿದ್ದ.