ಎಡಗಾಲಿನ ಗಿಣಿ

ಇವತ್ತು ಬೆಳಿಗ್ಗೆ ನವುಲೆಯ ನಮ್ಮ ಮನೆಯೆದುರಿನ ತಂತಿಯ ಮೇಲೆ ಗಿಣಿಯೊಂದು ಒಂಟಿಕಾಲಲ್ಲಿ ಕೂತು, ಇನ್ನೊಂದು ಕಾಲಲ್ಲಿ ಪೇರಲೆಯ ಚೂರು ಹಿಡಿದು ತಿನ್ನುತ್ತಿತ್ತು. ಯಾವ ಕಾಲು ಎಂದು ನೋಡಲು ಚಪ್ಪಲಿಯನ್ನೂ ಹಾಕದೆ ರಸ್ತೆಗೆ ಓಡಿದೆ.

ನಾವು ಭದ್ರಾವತಿಯಲ್ಲಿದ್ದಾಗ ಪಕ್ಕದ ಮನೆಯ ಮೆಕ್ಯಾನಿಕ್ ಚಾಚಾ, ಮರದಿಂದ ಬಿದ್ದ ಗಿಣಿಮರಿಯೊಂದನ್ನು ತಂದು ನಮ್ಮಜ್ಜಿಗೆ ಕೊಟ್ಟಿದ್ದರು. ಕೂರಲೆಂದು ಅಜ್ಜಿ ಕಟ್ಟಿದ್ದ ಕೋಲನ್ನು ಹತ್ತುವಾಗ ಅದು ಮೊದಲು ಕೊಕ್ಕಿನಿಂದ ಕಚ್ಚಿಕೊಂಡು, ಆಮೇಲೆ ಒಂದೊಂದೇ ಕಾಲು ಎಳೆದುಕೊಳ್ಳುತ್ತಿತ್ತು. ತಿನ್ನಲು ಕಾಲೆತ್ತಿದರೆ ವಾಲಿ ಬೀಳುತ್ತಿತ್ತು. ಕೆಲವು ವಾರಗಳಲ್ಲಿ ಬೀಳುವುದು ನಿಂತು, ಮೆಣಸಿನಕಾಯಿ ಹಿಡಿಯುವುದನ್ನು ಕಲಿತುಕೊಂಡಿತು. ಆದರೆ ಹಿಡಿದದ್ದು ಎಡಗಾಲಲ್ಲಿ!

ನಾನೂ ಎಡಚಿಯೇ. ತಟ್ಟೆಗೆ ಎಡಗೈ ಹೋದರೆ ಅಜ್ಜಿ ಸೌಟಿನಿಂದ ಮೊಟಕುತ್ತಿದ್ದಳು. ಈಗ ಗಿಣಿಯನ್ನೂ ತಿದ್ದಲು ಹೊರಟಳು. ದಿನವೂ ಮೆಣಸಿನಕಾಯಿಯನ್ನು ಅದರ ಬಲಗಾಲಿಗೇ ಕೊಡುವಳು. ಅದು ಕೊಕ್ಕಿನಿಂದ ಕಸಿದು ಎಡಗಾಲಿಗೆ ದಾಟಿಸುವುದು. ಅದು ಸೋತರೆ ನನಗೂ ಉಳಿಗಾಲವಿಲ್ಲ ಎಂದು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

"ಬಿಡಿ ಅಜ್ಜಿ, ಅದ್ರ ಫಿಟ್ಟಿಂಗೇ ಹಂಗಿದೆ," ಎಂದು ಚಾಚಾ ನಕ್ಕರು.

ಅಜ್ಜಿ ಬಿಡಲಿಲ್ಲ. ಒಂದು ದಿನ ಅದರ ಎಡಗಾಲನ್ನು ಬೆರಳಿನಿಂದ ಕೋಲಿಗೆ ಒತ್ತಿ ಹಿಡಿದಳು. ಗಿಣಿ ಬಲಗಾಲೆತ್ತಿತು, ತಡವರಿಸಿತು, ಮರಿಯಾಗಿದ್ದಾಗಿನಂತೆಯೇ ದೊಪ್ಪನೆ ಬಿತ್ತು.

ಅಜ್ಜಿ ಅದನ್ನು ಎತ್ತಿ ಮತ್ತೆ ಕೋಲಿನ ಮೇಲೆ ಕೂರಿಸಿದಳು. ಆಮೇಲೆ ನನ್ನ ಕಡೆ ನೋಡಿ, "ಏನ್ಮಾಡೋದೇ ಮಾರಾಯ್ತಿ, ಇದಕ್ಕೆ ಎಡಾನೇ ಬಲ," ಅಂದಳು. ಅವತ್ತಿನ ಊಟದಲ್ಲಿ ಸೌಟು ಸಾರಿನ ಪಾತ್ರೆ ಬಿಟ್ಟು ಮೇಲೇಳಲಿಲ್ಲ.

ಇವತ್ತಿನ ಗಿಣಿ ಪೇರಲೆ ಹಿಡಿದದ್ದು ಬಲಗಾಲಲ್ಲಿ. ಪಾಪ, ಅದರ ಅಜ್ಜಿ ಗೆದ್ದಿರಬೇಕು.