ಮೊದಲೇ ಕಟ್ಟಿದ ಅಭಿನಂದನೆ

ನಮ್ಮ ಅಡುಗೆಮನೆಯ ಬಾಗಿಲಿನ ಮೇಲ್ಪಟ್ಟಿಗೆ ಹಳೆಯ ಟವೆಲೊಂದನ್ನು ಮಡಚಿ ಮೊಳೆ ಹೊಡೆದಿದ್ದೇನೆ. ನನ್ನ ಗಂಡ ಆರಡಿ ಮೂರಿಂಚು ಎತ್ತರ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಚಹಾ ಕೇಳಲು ಬರುವಾಗ ಬಗ್ಗುವುದನ್ನು ಮರೆಯುತ್ತಾರೆ.

ಒಂದು ಕಾಲದಲ್ಲಿ ರಾಜ್ಯದ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಗುಮಾಸ್ತರಾದರು. ಸಂಜೆ ಮಿಲ್ಲಿನಿಂದ ಬಂದು, ಅಂಗಿಗೆ ಅಂಟಿದ ಹತ್ತಿಯ ಎಳೆ ಕೊಡವಿಕೊಂಡು, ಹೈಸ್ಕೂಲ್ ಮೈದಾನಕ್ಕೆ ಹೋಗಿ ಮಕ್ಕಳಿಗೆ ಆಟ ಕಲಿಸುವುದು ಹದಿನೆಂಟು ವರ್ಷಗಳಿಂದ ನಡೆದುಬಂದಿತ್ತು. ಅದು ಯಾರೋ ಕೊಟ್ಟ ಕೆಲಸವಲ್ಲ.

ಕಳೆದ ವರ್ಷ ಯಾದಗಿರಿಯ ಹುಡುಗಿಯರ ಕ್ರೀಡಾ ವಸತಿ ಶಾಲೆಯೊಂದಕ್ಕೆ ಮುಖ್ಯ ಕೋಚ್ ಬೇಕಾದಾಗ ಇವರೂ ಅರ್ಜಿ ಹಾಕಿದರು. ಸಂದರ್ಶನಕ್ಕೆ ಕರೆದದ್ದು ಮೂವರನ್ನು. ಉಳಿದಿಬ್ಬರಿಗೆ ಕೋಚಿಂಗ್ ಡಿಪ್ಲೊಮಾ ಇತ್ತು, ಇವರಿಗೆ ಇರಲಿಲ್ಲ. ವಯಸ್ಸು ಐವತ್ತಕ್ಕೆ ಎರಡು ಕಡಿಮೆ. ಇದು ತಪ್ಪಿದರೆ ಇನ್ನೊಮ್ಮೆ ಯಾರೂ ಕರೆಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಆಡಲಿಲ್ಲ, ಅಷ್ಟೆ.

"ಆಗೂತನಕ ಯಾರಿಗೂ ಹೇಳಬ್ಯಾಡ," ಎಂದಿದ್ದರು.

ನಾನು ಒಬ್ಬರಿಗೇ ಹೇಳಿದೆ. ಆ ಒಬ್ಬರು ಫ್ಲೆಕ್ಸ್ ಬ್ಯಾನರ್ ಅಂಗಡಿಯವರು.

ಅವರು ಇವರ ಶಾಲೆಯ ದಿನಗಳ ಜೊತೆಗಾರ, ಒಂದೇ ತಂಡದಲ್ಲಿ ಆಡಿದವರು. ನಾನು ಭಾಯ್ ಎನ್ನುತ್ತೇನೆ, ಅವರು ನನಗೆ ಭಾಬಿ ಎನ್ನುತ್ತಾರೆ. ಹೆಂಡತಿಯ ಕುರ್ತಾ ನನ್ನ ಹತ್ತಿರ ಹೊಲಿಗೆಗೆ ಕೊಟ್ಟಿದ್ದರು. ಅದನ್ನು ಒಯ್ಯಲು ಬಂದಾಗ ನನ್ನ ಬಾಯಿ ತಡೆಯಲಿಲ್ಲ. ನಮ್ಮೂರಲ್ಲಿ ಹುಟ್ಟುಹಬ್ಬಕ್ಕೂ ಬ್ಯಾನರ್, ಹೊಸ ಟ್ರ್ಯಾಕ್ಟರ್‌ಗೂ ಬ್ಯಾನರ್. ಅದನ್ನಾದರೂ ನೆನೆಯಬೇಕಿತ್ತು ನಾನು.

ಸಂದರ್ಶನದ ದಿನ ಬೆಳಗಿನ ಏಳಕ್ಕೆ ಪುಂಡಿಪಲ್ಯದ ಸೊಪ್ಪು ತರಲೆಂದು ಬಸ್ ನಿಲ್ದಾಣದ ಚೌಕಕ್ಕೆ ಹೋದೆ. ಚಹಾದಂಗಡಿಯ ಮೇಲೆ ನನ್ನ ಗಂಡ ನಗುತ್ತಿದ್ದರು. ಇಪ್ಪತ್ತೆರಡರ ವಯಸ್ಸಿನ ಫೋಟೊ, ಕಪ್ಪು ಮೀಸೆ, ಕೈಯಲ್ಲಿ ಚೆಂಡು. 'ಮುಖ್ಯ ಕೋಚ್ ಆಗಿ ಆಯ್ಕೆಯಾದ ನಮ್ಮ ಹೆಮ್ಮೆಯ ಕ್ಯಾಪ್ಟನ್‌ಗೆ ಹಾರ್ದಿಕ ಅಭಿನಂದನೆಗಳು.' ಬ್ಯಾನರಿನ ಕೆಳಸಾಲಿನಲ್ಲಿ ಹಳೆಯ ತಂಡದವರ ಮುಖಗಳು, ಎಲ್ಲರಿಗೂ ಕರಿ ಕನ್ನಡಕ.

ಅಲ್ಲೇ ನಿಂತು ಫೋನ್ ಮಾಡಿದೆ. "ಭಾಯ್, ಏನ್ ಮಾಡಿಟ್ಟೀರಿ ಇದು! ಸಂದರ್ಶನ ಇವತ್ತದ."

"ಗೊತ್ತದ ಭಾಬಿ. ಅವನ್ನ ಬಿಟ್ಟು ಯಾರಿಗಿ ಕೊಡ್ತಾರ? ಲಗ್ನದ ಸೀಜನ್ ರೀ, ನಾಳಿಂದ ಮಷೀನ್ ಖಾಲಿ ಸಿಗಂಗಿಲ್ಲ. ಅದಕ್ಕ ಮೊದಲೇ ಹೊಡದು ಕಟ್ಟೀನಿ."

"ಆರಿಸೋ ಮಾಸ್ತರು ಸುರಪುರದಿಂದ ಇದೇ ರಸ್ತಾದಾಗ ಬರ್ತಾರ್ರಿ!"

"ಯಾ ಅಲ್ಲಾ. ಏಣಿ ತಗೊಂಡ್ ಬಂದೆ."

ಮನೆಗೂ ಫೋನ್ ಮಾಡಿದೆ. ಏಣಿಗಿಂತ ಮೊದಲು ನನ್ನ ಗಂಡ ಬಂದರು, ಇಸ್ತ್ರಿ ಮಾಡಿದ ಅಂಗಿಯಲ್ಲೇ. ಚಹಾದಂಗಡಿಯ ಕುರ್ಚಿ ಹತ್ತಿ ಒಂದು ಗಂಟು ಬಿಚ್ಚಿದ್ದರು, ಅಷ್ಟರಲ್ಲಿ ಕಾರೊಂದು ನಿಂತಿತು. ಆಯ್ಕೆ ಸಮಿತಿಯ ಹಿರಿಯರು, ನಿವೃತ್ತ ಪಿ.ಟಿ. ಮಾಸ್ತರು, ಇಳಿದು ಸೊಂಟಕ್ಕೆ ಕೈ ಕೊಟ್ಟು ಬ್ಯಾನರನ್ನು ಮೊದಲಿಂದ ಕೊನೆಯವರೆಗೆ ಓದಿದರು.

"ಏನಪಾ, ಕಟ್ಟಾಕತ್ತೀಯೋ, ಬಿಚ್ಚಾಕತ್ತೀಯೋ?"

"ಬಿಚ್ಚಾಕತ್ತೀನ್ರಿ ಸರ್."

"ನಾ ಇನ್ನಾ ಯಾದಗಿರಿ ಮುಟ್ಟಿಲ್ಲ, ಇಲ್ಲಿ ಆಯ್ಕಿನೇ ಮುಗದದ. ಹಿಂಗೇ ಹೊಳ್ಳಿ ಸುರಪುರಕ್ಕ ಹೋಗ್ಲೇನು?"

ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ನನಗೆ ಭೂಮಿ ಬಾಯಿ ತೆರೆಯಬಾರದೇ ಎನ್ನಿಸಿತು. ಭಾಯ್ ಏಣಿ ಹೊತ್ತುಕೊಂಡು ಅದೇ ಹೊತ್ತಿಗೆ ಬಂದು ನಿಂತಲ್ಲೇ ನಿಂತರು. ನನ್ನ ಗಂಡ ಆ ಕಡೆ ತಿರುಗಿಯೂ ನೋಡಲಿಲ್ಲ.

"ನಮ್ಮ ಟೀಮಿನವರದು ತಪ್ಪಾಗೇದ್ರಿ. ಟೀಮಿನ ತಪ್ಪು ಅಂದ್ರ ನಂದೇ."

"ಸುಳ್ರಿ ಸರ್," ಏಣಿಯ ಹಿಂದಿನಿಂದ ಭಾಯ್ ಕೂಗಿದರು. "ತಪ್ಪು ನಂದು. ಅವಂಗ ಖಬರೇ ಇದ್ದಿಲ್ಲ."

ಮಾಸ್ತರು ಇಬ್ಬರನ್ನೂ ನೋಡಿ, "ಆ ಮೀಸಿ ಯಾವಾಗ ತೆಗದಿ?" ಎಂದಷ್ಟೇ ಕೇಳಿ, ಒಂದು ಚಹಾ ಕುಡಿದು ಹೊರಟರು.

ನಾನೂ ಇವರ ಜೊತೆ ಬಸ್ಸು ಹತ್ತಿದೆ. "ಮುಗೀತು ಬಿಡು," ಎಂದರು.

"ಮುಗಿದಿದ್ರ ಅವರು ಚಹಾ ಕುಡೀತಿದ್ದಿಲ್ಲ," ಎಂದೆ. ನನಗೂ ನಂಬಿಕೆ ಇರಲಿಲ್ಲ.

ಯಾದಗಿರಿಯಲ್ಲಿ ಪ್ರತಿಯೊಬ್ಬರೂ ಅರ್ಧ ಗಂಟೆ ಹುಡುಗಿಯರಿಗೆ ಆಟ ಕಲಿಸಿ ತೋರಿಸಬೇಕಿತ್ತು. ನಾನು ಬೇವಿನ ಗಿಡದ ಕೆಳಗೆ ಕುಳಿತು ನೋಡಿದೆ. ಮೊದಲಿನ ಇಬ್ಬರು ಸೀಟಿ ಊದಿ ಚೆನ್ನಾಗಿಯೇ ಓಡಿಸಿದರು. ಇವರು ಮಾತ್ರ ಹತ್ತು ನಿಮಿಷ ಕೈಕಟ್ಟಿ ನಿಂತುಬಿಟ್ಟರು. ಸಮಿತಿಯ ಒಬ್ಬರು ಗಡಿಯಾರ ನೋಡಿಕೊಂಡರು.

ಆಮೇಲೆ ಇವರು ಮೆಲ್ಲಗೆ ಕೇಳಿದರು: "ಯವ್ವಾ, ಎಲ್ಲಾರೂ ಈ ಬಾಜೂದಿಂದನೇ ಚೆಂಡು ಹಾಕಾಕತ್ತೀರಲ್ಲ, ಯಾಕ?"

ಹುಡುಗಿಯರು ಮುಖ ಮುಖ ನೋಡಿಕೊಂಡರು. ಕೊಂಕಲ್ ಕಡೆಯ ಗಿಡ್ಡ ಹುಡುಗಿಯೊಬ್ಬಳು, "ಆ ಬಾಜೂ ಕಣ್ಣಾಗ ಬಿಸಿಲು ಹೊಡೀತದ್ರಿ," ಎಂದಳು.

"ಮ್ಯಾಚಿನ ದಿನ ಬಿಸಿಲು ನಿನ್ನ ಮಾತು ಕೇಳ್ತದೇನು? ಬರ್ರಿ ಎಲ್ಲಾರೂ ಆ ಕಡಿ."

ಉಳಿದ ಇಪ್ಪತ್ತು ನಿಮಿಷವೂ ಬಿಸಿಲಿಗೆ ಮುಖ ಮಾಡಿ ಆಟ. ಬುಟ್ಟಿ ಕಾಣದಿದ್ದರೆ ಅದರ ಹಿಂದಿನ ಹಲಗೆಯ ಅಂಚು ನೋಡಿ ಅಂದಾಜು ಮಾಡುವುದನ್ನು ಒಬ್ಬೊಬ್ಬರ ಬೆನ್ನ ಹಿಂದೆ ನಿಂತು ಹೇಳಿಕೊಟ್ಟರು. ಆ ಗಿಡ್ಡ ಹುಡುಗಿಯ ಚೆಂಡು ಮೊದಲ ಸಲ ಒಳಗೆ ಬಿದ್ದಾಗ ಮಾಸ್ತರು ಚಪ್ಪಾಳೆಗೆಂದು ಕೈ ಎತ್ತಿ, ಯಾಕೋ ಇಳಿಸಿಬಿಟ್ಟರು. ಅದರ ಮರುಕ್ಷಣವೇ ಇವರನ್ನು ಕರೆದು ಡಿಪ್ಲೊಮಾದ ವಿಷಯ ಕೇಳಿದರು. "ಇಲ್ರಿ," ಎಂದರು ಇವರು.

ಎಂಟು ದಿನ ಸುದ್ದಿಯಿಲ್ಲ. ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಭಾಯ್ ನಮ್ಮ ಓಣಿಗೇ ಕಾಲಿಡಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ನನ್ನ ಫೋನಿಗೆ ಕರೆ ಬಂತು. ಮಿಲ್ಲಿನ ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ಇವರು ಅರ್ಜಿಯಲ್ಲಿ ನನ್ನ ನಂಬರನ್ನೇ ಬರೆದಿದ್ದರು. ಮಾಸ್ತರ ದನಿ: "ಸೋಮವಾರದಿಂದ ಬರ್ಲಿ. ಒಂದು ವರ್ಷದೊಳಗ ಡಿಪ್ಲೊಮಾ ಮುಗಿಸಬೇಕು, ಅದು ಶರ್ತು. ಏನವ್ವಾ, ಕೇಳಿಸ್ತೇನು?"

ಕೇಳಿಸಿತು. ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಮಿಲ್ಲಿಗೆ ನಡೆದೆ. ದಾರಿಯಲ್ಲೇ ಫ್ಲೆಕ್ಸ್ ಅಂಗಡಿ.

"ಭಾಬಿ, ಏನರ ಖಬರ್?" ಭಾಯ್ ಒಳಗಿನಿಂದಲೇ ಕೇಳಿದರು, ಹೊರಗೆ ಬರಲಿಲ್ಲ.

"ಇನ್ನಾ ಏನಿಲ್ಲ ಭಾಯ್." ಈ ಸಲ ಬಾಯಿ ಗಟ್ಟಿ ಹಿಡಿದೆ. ಆದರೆ ಅವರ ಮುಖ ಬಾಡಿದ್ದು ಕಂಡು ಹೆಜ್ಜೆ ಎತ್ತುವುದೇ ಕಷ್ಟವಾಯಿತು.

ಮಿಲ್ಲಿನಲ್ಲಿ ಇವರು ಸುದ್ದಿ ಕೇಳಿ ಹತ್ತಿಯ ಮೂಟೆಯ ಮೇಲೆ ಕುಳಿತರು. "ಇನ್ನೊಮ್ಮಿ ಹೇಳು," ಎಂದರು. ಹೇಳಿದೆ.

"ಅವನಿಗಿ ಹೇಳಿದೇನು?"

"ಇಲ್ರಿ. ಮೊದಲ ನಿಮಗ."

"ನಡಿ, ಹೇಳೂಣು."

ಮಾಲೀಕರಿಗೆ ಒಂದು ಮಾತು ಹೇಳಿ ಹೊರಟರು. ನೋಯುವ ಮೊಣಕಾಲಿನಲ್ಲೂ ನನಗಿಂತ ಮುಂದೆ ನಡೆಯುತ್ತಿದ್ದರು. ಅಂಗಡಿಯ ಮುಂದೆ ನಿಂತು, "ಸೋಮವಾರದಿಂದ ಬಾ ಅಂದಾರಲೇ," ಎಂದರು.

ಭಾಯ್ ನನ್ನ ಕಡೆಗೊಮ್ಮೆ ನೋಡಿ, 'ಸುಳ್ಳ ಹೇಳಿದ್ರೇನು ಭಾಬಿ' ಎಂಬಂತೆ ತಲೆ ಆಡಿಸಿ, ಒಳಗಿನಿಂದ ಎರಡು ಸ್ಟೂಲ್ ತಂದು ತಮ್ಮ ಕರವಸ್ತ್ರದಿಂದಲೇ ಒರೆಸಿದರು. ಮದುವೆ ಬ್ಯಾನರಿಗೆ ಬಂದವರು ಕಾಯುತ್ತಿದ್ದರು; ಕಾಯಲಿ ಎಂದು ಚಹಾ ತರಿಸಿದರು.

"ಯಾದಗಿರಿಗಿ ಮುಂಜಾನಿ ಮೊದಲ ಬಸ್ಸು ಎಷ್ಟಕ್ಕದಲೇ?" ಇವರು ಕೇಳಿದರು.

"ಆರಕ್ಕೊಂದದ. ಆದ್ರ ಹಳ್ಳಿ ಹಳ್ಳಿಗೂ ನಿಲ್ತದ."

"ನಿಲ್ಲಲಿ ಬಿಡು."

ಹಾಗಾದರೆ ನಾನು ನಾಲ್ಕೂವರೆಗೆ ಎದ್ದು ಇವರ ಬುತ್ತಿಗೆ ಹಿಟ್ಟು ನಾದಬೇಕು ಎಂದುಕೊಂಡೆ. ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು. ಮೂವರೂ ಪೂರ್ತಿ ಕುಡಿದೆವು.